ಸೂಜಿಮಾವ

ದಾಕ್ಷಾಯಿಣಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರದ ಚುಚ್ಚುಮದ್ದು ಹಾಕಿಸಬೇಕಿತ್ತು. ಹನ್ನೊಂದಕ್ಕೆ ಬಿದ್ದರೂ ಹಾಕಿಸಿರಲಿಲ್ಲ. ಆ ಮನೆಯವರು ಸೂಜಿಗೆ ಅಡ್ಡ ನಿಲ್ಲುವ ಜನವೇನಲ್ಲ. ಆಸ್ಪತ್ರೆ, ಸಿಸ್ಟರು, ಮದ್ದು ಎಲ್ಲದರ ಮೇಲೂ ಅವರಿಗೆ ನಂಬಿಕೆಯಿತ್ತು. ಸೂಜಿ ಹಾಕುವಾಗ ಮಗುವನ್ನು ತೊಡೆಯ ಮೇಲೆ ಹಿಡಿದುಕೊಳ್ಳುವವರು ಯಾರು ಎನ್ನುವುದೊಂದು ಮಾತ್ರ ತೀರ್ಮಾನವಾಗಿರಲಿಲ್ಲ.

ಅದು ಗುಂಡ್ಲುಪೇಟೆಯಲ್ಲಿ ನಮ್ಮ ಎದುರು ಮನೆ. ಯಜಮಾನರು ಈರುಳ್ಳಿ ಮಂಡಿಯ ಚಿಕ್ಕಮಲ್ಲಪ್ಪನವರು. ಮಂಡಿಯಲ್ಲಿ ಅವರ ಗಂಟಲು ಕೇಳಿದರೆ ಕೇರಳದ ಲಾರಿ ಡ್ರೈವರುಗಳು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಹೆಂಡತಿ ಶಿವರುದ್ರಮ್ಮನವರ ಮುಂದೆ ಆ ಗಂಟಲು ಅರ್ಧಕ್ಕಿಳಿಯುತ್ತಿತ್ತು. ಮೊಮ್ಮಗಳು ದಾಕ್ಷಿಯ ಮುಂದೆ ಪೂರ್ತಿ ಮಾಯವಾಗಿ, ಅದರ ಜಾಗದಲ್ಲಿ ಗುಬ್ಬಚ್ಚಿಯಂಥ ಇನ್ನೊಂದು ದನಿ ಹೊರಡುತ್ತಿತ್ತು. ಮಗ ಲೋಡಿನ ಜೊತೆ ಸುಲ್ತಾನ್ ಬತ್ತೇರಿ, ಕಲ್ಲಿಕೋಟೆ ಎಂದು ಓಡಾಡಿಕೊಂಡಿದ್ದ. ಸೊಸೆ ರೂಪಶ್ರೀ ಚಾಮರಾಜನಗರದ ಹುಡುಗಿ. ಪಿ.ಯು.ಸಿ. ಓದಿದವಳು, ಮಾತು ಕಡಿಮೆ.

ನಮ್ಮ ಕಡೆ ಮಗುವಿನ ಕಿವಿ ಚುಚ್ಚುವುದು ಸೋದರಮಾವನ ತೊಡೆಯ ಮೇಲೆ. ಆಚಾರಿ ಚಿನ್ನದ ತಂತಿ ಹಿಡಿದು ಬಂದಾಗ ತಾಯಿಯ ಅಣ್ಣನೋ ತಮ್ಮನೋ ಮಗುವನ್ನು ಕೂರಿಸಿಕೊಂಡು, ತಲೆ ಅಲುಗದಂತೆ ಹಿಡಿಯಬೇಕು. ಈ ಪದ್ಧತಿ ಮಾಡಿದ ಹಿರಿಯರು ಬಹಳ ಜಾಣರಿದ್ದಿರಬೇಕೆಂದು ನನಗೆ ಯಾವಾಗಲೂ ಅನ್ನಿಸಿದೆ. ಮಗುವಿನ ಸಿಟ್ಟೆಲ್ಲ ಸಂಜೆಯ ಬಸ್ಸು ಹತ್ತಿ ತನ್ನ ಊರಿಗೆ ಹೋಗುವವನ ಮೇಲೆ ಹೋಗುತ್ತದೆ. ಮನೆಯಲ್ಲಿ ಉಳಿಯುವವರು ಒಳ್ಳೆಯವರಾಗಿಯೇ ಉಳಿಯುತ್ತಾರೆ.

ರೂಪಶ್ರೀಯ ಬಾಣಂತನ ತವರಿನಲ್ಲಿ ಆಯಿತು. ಅಲ್ಲಿ ಅವಳ ಅಣ್ಣ ರಾಜಶೇಖರ್ ಇದ್ದ. ರೇಷ್ಮೆ ಇಲಾಖೆಯಲ್ಲಿ ಗುಮಾಸ್ತ, ಇನ್ನೂ ಮದುವೆಯಾಗಿರಲಿಲ್ಲ. ಹುಟ್ಟಿದ ಕೂಡಲೇ ಹಾಕುವ ಮದ್ದನ್ನು ಆಸ್ಪತ್ರೆಯಲ್ಲೇ ಹಾಕಿದ್ದರು. ಆಮೇಲಿನ ಮೂರು ಸುತ್ತಿಗೂ ತಂಗಿಯನ್ನು, ಮಗುವನ್ನು ಆಟೋದಲ್ಲಿ ಕರೆದುಕೊಂಡು ಹೋದವನು ಅವನೇ. ರೂಪಶ್ರೀ ಬಾಗಿಲ ಹೊರಗೆ ಕಿವಿ ಮುಚ್ಚಿಕೊಂಡು ನಿಲ್ಲುವುದು, ಒಳಗೆ ಅಣ್ಣ ಹಿಡಿದುಕೊಳ್ಳುವುದು, ಕಿರುಚಿದ ತಕ್ಷಣ ಅವಳು ಒಳಗೋಡಿ ಹಾಲು ಕೊಡುವುದು, ಹೀಗೆ ಅಣ್ಣ ತಂಗಿಯರ ನಡುವೆ ಒಂದು ಏರ್ಪಾಡಾಗಿತ್ತು. ಗಂಡನ ಮನೆಗೆ ಕಳಿಸುವ ಮೊದಲು ಕಿವಿಯನ್ನೂ ಅವನ ತೊಡೆಯ ಮೇಲೆಯೇ ಚುಚ್ಚಿಸಿದರು. ಇಷ್ಟೆಲ್ಲ ಕೇಳಿದ ಮೇಲೆ ಶಿವರುದ್ರಮ್ಮನವರು ಹೊಸದೊಂದು ಶಾಸ್ತ್ರವನ್ನೇ ಮಾಡಿಬಿಟ್ಟರು.

"ಸೂಜಿ ಅಂದ್ಮೇಲೆ ಸೋದರಮಾವನ ತೊಡೆನೇ ಕಣಮ್ಮ ಟೀಚರಮ್ಮ" ಎಂದು ನನಗೆ ಹೇಳಿದರು. "ಆಚಾರಿ ಚುಚ್ಚುದ್ರೇನು, ಸಿಸ್ಟ್ರು ಚುಚ್ಚುದ್ರೇನು, ಸೂಜಿ ಸೂಜಿನೇ."

ರಾಜಶೇಖರ್ ಒಪ್ಪಿಕೊಂಡು ಬರುತ್ತಿದ್ದನೋ ಏನೋ. ಆದರೆ ದಾಕ್ಷಿ ಗುಂಡ್ಲುಪೇಟೆಗೆ ಬಂದ ಮೇಲೆ ಅವನು ನೋಡಲು ಬಂದ ಎರಡು ಮೂರು ಸಲವೂ ಒಂದೇ ಕಥೆಯಾಯಿತು. ಅವನು ಹೊಸಿಲು ದಾಟುತ್ತಿದ್ದ ಹಾಗೇ ಮಗು ಅವನ ಮುಖ ನೋಡಿ, ತುಟಿ ಮುಂದೆ ಮಾಡಿ, ಒಂದು ಕ್ಷಣ ಯೋಚಿಸಿ, ಆಮೇಲೆ ಬೀದಿಯೆಲ್ಲ ಎದ್ದು ಬರುವ ಹಾಗೆ ಕಿರುಚುತ್ತಿದ್ದಳು. ಚಿಕ್ಕಮಲ್ಲಪ್ಪನವರು ಅವನಿಗೆ ಸೂಜಿಮಾವ ಎಂದು ಹೆಸರಿಟ್ಟರು. ಸೂಜಿಮಾವ ಬಂದ, ಸೂಜಿಮಾವನಿಗೆ ಕಾಫಿ ಕೊಡಿ, ಸೂಜಿಮಾವನ ಚಪ್ಪಲಿ ಮಳೆಯಲ್ಲಿ ನೆನೆಯುತ್ತಿದೆ ನೋಡಿ. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಒಂದು ಸಲ ಮಾತ್ರ ನಾನು ನೋಡಿದೆ: ತಾನು ತಂದ ಬಣ್ಣದ ಗಿಲಕಿಯನ್ನು ಮಗುವಿನ ಕೈಗೆ ಕೊಡದೆ, ಅವಳು ನಿದ್ದೆ ಹೋಗುವವರೆಗೂ ಅಡುಗೆಮನೆಯಲ್ಲಿ ಕಾದು ಕೂತು, ಆಮೇಲೆ ತೊಟ್ಟಿಲಲ್ಲಿ ಸದ್ದಾಗದಂತೆ ಇಟ್ಟು, ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಹೋದ.

ಪಕ್ಕದ ಬೀದಿಯ ಅಂಗನವಾಡಿಗೆ ತಿಂಗಳಿಗೊಂದು ಗುರುವಾರ ಸಿಸ್ಟರ್ ಕುಮಾರಿ ಐಸ್ ಪೆಟ್ಟಿಗೆ ಹೊತ್ತು ಬರುತ್ತಿದ್ದರು. ಒಂಬತ್ತು ತುಂಬಿದ ತಿಂಗಳ ಗುರುವಾರಕ್ಕೆ ಆಫೀಸಿನಲ್ಲಿ ಆಡಿಟ್ ಇದೆ ಎಂದು ರಾಜಶೇಖರನಿಂದ ಸುದ್ದಿ ಬಂತು. ಮುಂದಿನ ತಿಂಗಳು ಕಾಲು ಉಳುಕಿದೆ ಎಂದು ಬಂತು.

"ಕಾಲು ಉಳುಕುದ್ರೆ ತೊಡೆಗೇನಾಗದೆ?" ಎಂದರು ಶಿವರುದ್ರಮ್ಮನವರು.

ಹಾಗಾದರೆ ಮನೆಯವರಲ್ಲೇ ಯಾರಾದರೂ ಹಿಡಿದುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಶಿವರುದ್ರಮ್ಮನವರಿಗೆ ಕೈ ನಡುಗುತ್ತದಂತೆ. ಕನ್ನಡಕವಿಲ್ಲದೆ ರಾಗಿಯೊಳಗಿನ ಮಣ್ಣು ಹೆಕ್ಕುವ ಕೈ ಅದು. ಮಗನಿಗೆ ಗುರುವಾರ ಬಂತೆಂದರೆ ಗಡಿಯಾಚೆ ಎಲ್ಲಿಗಾದರೂ ಲೋಡು ಬಿದ್ದೇ ಬೀಳುತ್ತಿತ್ತು. ಚಿಕ್ಕಮಲ್ಲಪ್ಪನವರಂತೂ ಆ ಮಾತು ಎದ್ದ ಕೂಡಲೇ ಚಪ್ಪಲಿ ಹುಡುಕುತ್ತಿದ್ದರು. ನಾನೇ ಹಿಡಿದುಕೊಳ್ಳುತ್ತೇನೆ ಎಂದೆ. ಶಿವರುದ್ರಮ್ಮನವರು ನನ್ನ ಕೈ ಮೇಲೆ ಕೈಯಿಟ್ಟು, ದೊಡ್ಡವಳಾದ ಮೇಲೆ ನಿಮ್ಮ ಸ್ಕೂಲಿಗೇ ಬರಬೇಕಲ್ಲ, ಈಗಿನಿಂದಲೇ ಯಾಕೆ ಹಗೆ ಎಂದು ಬಹಳ ಮರ್ಯಾದೆಯಿಂದ ತಳ್ಳಿಹಾಕಿದರು.

ಒಂದು ದಿನ ಕುಮಾರಿಯವರೇ ಮನೆಯ ಬಾಗಿಲಿಗೆ ಬಂದರು. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದರು, ಮಗುವಿನ ಕೆನ್ನೆ ಹಿಂಡಿದರು, ನಿಧಾನವಾಗಿ ವಿಷಯಕ್ಕೆ ಬಂದರು. ದಡಾರವೆಂದರೆ ಬರೀ ಮೈಮೇಲೆ ಕೆಂಪಗೆ ಏಳುವುದಲ್ಲ, ಜ್ವರ ಎದೆಗಿಳಿಯುತ್ತದೆ, ಕಣ್ಣು ಕೆಡಿಸುತ್ತದೆ, ಸಣ್ಣ ಮಕ್ಕಳನ್ನು ಒಯ್ದೇಬಿಡುವುದೂ ಉಂಟು ಎಂದರು. ಶಿವರುದ್ರಮ್ಮನವರು ತಲೆದೂಗಿ, ಸೋದರಮಾವ ಬಂದ ದಿನವೇ ಹಾಕಿಸಿಬಿಡುತ್ತೇವೆ ಎಂದರು.

"ಐಸ್ ಪೆಟ್ಗೆಲಿ ಮದ್ದು ತರ್ತೀನಿ, ಸೂಜಿ ತರ್ತೀನಿ" ಎಂದರು ಕುಮಾರಿ, ಲೋಟ ಕೆಳಗಿಡುತ್ತ. "ಸೋದರಮಾವನ್ನೂ ಅದ್ರಲ್ಲೇ ಇಟ್ಕಂಡು ಬರಕಾದದ, ಹೇಳಿ ಅಮ್ಮಾವ್ರೆ."

ಅದಾದ ಒಂದು ವಾರಕ್ಕೆ ಹಿಂದಿನ ಬೀದಿಯಲ್ಲಿ ದಡಾರ ಕಾಣಿಸಿಕೊಂಡಿತು. ಶಾಂತಮಲ್ಲಮ್ಮ ಎನ್ನುವವರ ಮೊಮ್ಮಗನಿಗೆ. ಅವರ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಶಿವರುದ್ರಮ್ಮನವರು ಆ ಮನೆಗೆ ದಿನವೂ ಎಳನೀರು ಕಳಿಸಿದರು, ಸೊಸೆ ಮಗು ಆ ಕಡೆ ತಲೆ ಹಾಕದಂತೆಯೂ ನೋಡಿಕೊಂಡರು. ರೂಪಶ್ರೀಗೆ ಒಂದು ಹೊಸ ಅಭ್ಯಾಸ ಹತ್ತಿತು. ಆಗಾಗ ಮಗುವನ್ನು ಬೆಳಕಿಗೆ ತಂದು, ಅಂಗಿ ಮೇಲೆತ್ತಿ, ಹೊಟ್ಟೆ ನೋಡುವಳು. ಏನೂ ಇಲ್ಲವೆಂದು ಗೊತ್ತಾದ ಮೇಲೂ ಅಂಗಿಯನ್ನು ಹಾಗೇ ಹಿಡಿದುಕೊಂಡು ನಿಲ್ಲುವಳು. ಮಗು ಇದೊಂದು ಆಟವೆಂದುಕೊಂಡು ನಗುತ್ತಿತ್ತು.

ನಮ್ಮ ಮನೆಗೆ ಆಗಷ್ಟೇ ಫೋನ್ ಬಂದಿತ್ತು. ಆ ತಿಂಗಳ ಗುರುವಾರಕ್ಕೆ ಮೂರು ದಿನ ಇದೆ ಎನ್ನುವಾಗ ರೂಪಶ್ರೀ ಒಬ್ಬಳೇ ಬಂದು, ಅಣ್ಣನ ಆಫೀಸಿಗೆ ಮಾತಾಡಬಹುದೇ ಎಂದು ಕೇಳಿದಳು. ನಾನು ಒಳಗೆ ಹೋಗಲು ಎದ್ದರೆ, ಇರಿ ಎಂದು ಸನ್ನೆ ಮಾಡಿದಳು. ಆ ಕಡೆಯವನು ಏನೋ ನೆಪ ಶುರುಮಾಡಿರಬೇಕು. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಅಣ್ಣ, ನಿನ್ ಸಂಕ್ಟ ನಂಗೊತ್ತು" ಎಂದಳು. "ನೀನ್ ಬರ್ದಿದ್ರೆ ನಾನೇ ಹಿಡ್ಕತೀನಿ, ನಂಗೇನ್ ಬರಕಿಲ್ವ. ಆದ್ರೆ ನಾನೇ ಹಿಡ್ಕಂಡ್ಬುಟ್ರೆ ಆಮೇಲೆ ಅವ್ಳು ಯಾರ್ ತಾವ್ ಓಗಿ ಅಳ್ಬೇಕು? ಅದೊಂದ್ ಹೇಳ್ಬುಡು ನಂಗೆ."

ಆ ಕಡೆಯಿಂದ ಏನು ಉತ್ತರ ಬಂತೋ, ಅವಳು ಫೋನ್ ಇಟ್ಟು, ಸೆರಗಿನ ತುದಿಯಿಂದ ಅದನ್ನು ಒರೆಸಿ, ಬರ್ತಾನಂತೆ ಎಂದಷ್ಟೇ ಹೇಳಿ ಹೋದಳು.

ಗುರುವಾರ ನಾನು ಅರ್ಧ ದಿನ ರಜೆ ಹಾಕಿದ್ದೆ. ಬೆಳಿಗ್ಗೆ ಎದುರು ಮನೆಗೆ ಹೋದಾಗ ಚಿಕ್ಕಮಲ್ಲಪ್ಪನವರು ವಿಭೂತಿ ಧರಿಸಿ, ಚಪ್ಪಲಿ ಮೆಟ್ಟಿ, ಜಗಲಿಯಲ್ಲಿ ಕೂತಿದ್ದರು. ಮಂಡಿಯಲ್ಲಿ ಭಾರೀ ಲೋಡು ಬಂದಿದೆ, ಈಗಲೇ ಹೊರಟೆ ಎಂದರು. ಹೊರಡಲಿಲ್ಲ. ಬಸ್ ಸ್ಟ್ಯಾಂಡಿನ ಕಡೆಯಿಂದ ಒಬ್ಬ ಚೀಲ ಹಿಡಿದು ನಡೆದು ಬರುತ್ತಿದ್ದ. ಹತ್ತಿರ ಬಂದಾಗ ಚಿಕ್ಕಮಲ್ಲಪ್ಪನವರು ದಡಬಡಿಸಿ ಎದ್ದರು. ಹೆಗಲ ಮೇಲಿನ ಟವೆಲ್ಲು ತಾನಾಗಿ ಕೈಗೆ ಬಂತು.

ರಾಜಶೇಖರನೇ. ಆದರೆ ಮೀಸೆಯಿರಲಿಲ್ಲ. ಅದು ಸಣ್ಣಪುಟ್ಟ ಮೀಸೆಯಾಗಿರಲಿಲ್ಲ. ಕಾಲೇಜಿನ ದಿನಗಳಿಂದ ಎಣ್ಣೆ ಹಚ್ಚಿ ಸಾಕಿ, ಎರಡೂ ತುದಿ ಮೇಲಕ್ಕೆ ತಿರುವಿದ ಮೀಸೆ. ಹೆಣ್ಣು ನೋಡಲು ಹೋದ ಕಡೆಯಲ್ಲೂ ಅದರದ್ದೇ ಮಾತಾಗುತ್ತಿತ್ತಂತೆ. ನಮ್ಮ ಕಡೆ ಅಪ್ಪ ಬದುಕಿರುವಾಗ ಮಗ ಮೀಸೆ ಬೋಳಿಸುವುದಿಲ್ಲ. ಬೋಳಿಸಿದನೆಂದರೆ ಅರ್ಥ ಒಂದೇ.

"ಯಾವಾಗ್ ಓದ್ರಪ್ಪ ನಮ್ ಬೀಗ್ರು?" ಎಂದರು ಚಿಕ್ಕಮಲ್ಲಪ್ಪನವರು. "ಒಂದ್ ಮಾತು ಹೇಳಿಕಳ್ಸಬಾರ್ದಾಗಿತ್ತ?"

"ಅಪ್ಪ ಚೆನ್ನಾಗವ್ರೆ ಮಾವ" ಎಂದ ರಾಜಶೇಖರ್, ಆಗಲೇ ಸಾಕಾಗಿಹೋದವನಂತೆ. "ನಾನ್ ಬರೋವಾಗ ತೋಟಕ್ಕೆ ನೀರ್ ಕಟ್ತಿದ್ರು."

ಒಳಗಿನಿಂದ ಅಳುವುದಕ್ಕೆಂದು ಓಡಿ ಬಂದ ಶಿವರುದ್ರಮ್ಮನವರು ಅರ್ಧದಲ್ಲೇ ನಿಂತರು. ಅವನು ಜಗಲಿಯಲ್ಲಿ ಕೂತು, ನೀರು ಕುಡಿದು, ನೆಲ ನೋಡುತ್ತ ಹೇಳಿದ. ಸೂಜಿ ಹಾಕಿಸುವವನು ಒಬ್ಬ, ಮಾವ ಇನ್ನೊಬ್ಬ ಎಂದು ಮಗುವಿಗೆ ಅನ್ನಿಸಬೇಕು. ಇವತ್ತು ಈ ಮುಖದಲ್ಲಿ ಸೂಜಿ ಹಾಕಿಸಿಬಿಡುತ್ತೇನೆ. ಮೀಸೆ ಬೆಳೆದ ಮೇಲೆ ಬೇರೆಯವನಾಗಿ ಬರುತ್ತೇನೆ. ಆಗಲಾದರೂ ಮೊದಲಿನಿಂದ ಪರಿಚಯ ಮಾಡಿಕೊಳ್ಳಬಹುದು. ಇದಕ್ಕೆ ಮೊದಲು ಅಪ್ಪನ ಅಪ್ಪಣೆ ಕೇಳಿದ್ದನಂತೆ. ಅವರು, ಬೋಳಿಸಿಕೊಂಡು ಹೋಗು, ನಾನೇನು ಅದರಲ್ಲಿ ಉಸಿರಾಡುತ್ತಿದ್ದೆನಾ ಎಂದರಂತೆ. ಕ್ಷೌರದವನು ಮಾತ್ರ ನಂಬದೆ, ಮನೆಯ ತನಕ ಬಂದು ಮುದುಕರನ್ನು ಕಣ್ಣಾರೆ ನೋಡಿ ಹೋಗಿ ಆಮೇಲೆ ಕತ್ತಿ ಹಿಡಿದನಂತೆ. ತೆರಕಣಾಂಬಿಯಲ್ಲಿ ಬಸ್ಸು ಹತ್ತಿದ ಪರಿಚಯದ ಮುದುಕರೊಬ್ಬರು ಇವನನ್ನು ನೋಡಿ, ಒಂದು ವರ್ಷ ಬಿತ್ತನೆಗೆ ನಿಮ್ಮಪ್ಪ ನನಗೆ ಎತ್ತು ಕೊಟ್ಟಿದ್ದರು ಎಂದು ಕಣ್ಣೀರು ಹಾಕಿದರಂತೆ. ಅಪ್ಪ ಬದುಕಿದ್ದಾರೆ ಎಂದು ತಕ್ಷಣ ಹೇಳಲು ಮನಸ್ಸಾಗಲಿಲ್ಲ, ಅವರು ಹೊಗಳಿ ಮುಗಿಸುವ ತನಕ ಸುಮ್ಮನಿದ್ದು ಆಮೇಲೆ ಹೇಳಿದೆ ಎಂದ.

ಶಿವರುದ್ರಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚಿಕ್ಕಮಲ್ಲಪ್ಪನವರು ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಅವನ ಬೋಳು ತುಟಿಯನ್ನೇ ನೋಡುತ್ತಿದ್ದರು. ರೂಪಶ್ರೀ ನಗಲಿಲ್ಲ. ಮಗುವನ್ನು ಎತ್ತಿಕೊಂಡು ಬಂದು ಅಣ್ಣನ ಎದುರಿಗೆ ನಿಂತಳು.

ದಾಕ್ಷಿ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅವಳು ಮುಂದಕ್ಕೆ ಬಾಗಿ, ಅವನ ಮೇಲ್ದುಟಿಯ ಮೇಲೆ ಒಂದು ಬೆರಳಿಟ್ಟು ಎಳೆದು, ಗಿಲಗಿಲನೆ ನಕ್ಕು, ಅವನ ತೋಳಿಗೆ ಜಿಗಿದಳು.

ಅವನಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಅಂಗನವಾಡಿಯ ತನಕ ಅವಳನ್ನು ಅವನೇ ಎತ್ತಿಕೊಂಡು ನಡೆದ. ಕಾಗೆ ತೋರಿಸಿದ, ಲಾರಿ ತೋರಿಸಿದ, ಹಾರ್ನಿನ ಸದ್ದು ಮಾಡಿದ. ಹತ್ತಿರವಾಗುತ್ತ ಬಂದ ಹಾಗೆ ಅವನ ಮಾತು ಕಡಿಮೆಯಾಯಿತು. ಚಿಕ್ಕಮಲ್ಲಪ್ಪನವರು ಕೊಡೆ ಹಿಡಿದು ನಮ್ಮ ಹಿಂದೆ ಸ್ವಲ್ಪ ದೂರದಲ್ಲಿ ಬರುತ್ತಿದ್ದರು. ಮಂಡಿಗೆ ಹೋಗುವ ದಾರಿ ಅದಲ್ಲ. ಯಾರೂ ಅದನ್ನು ಅವರಿಗೆ ನೆನಪಿಸಲಿಲ್ಲ.

ಅಂಗನವಾಡಿಯೊಳಗೆ ತಾಯಂದಿರೇ ತುಂಬಿದ್ದರು. ಒಬ್ಬನೇ ಗಂಡಸು ಬಾಗಿಲಲ್ಲಿ ಮುದುಡಿ ನಿಂತದ್ದನ್ನು ನೋಡಿ, ಹೊಲದ ಕೆಲಸಕ್ಕೆ ಹೋಗುವ ಪುಟ್ಟಸಿದ್ದಮ್ಮ ಎನ್ನುವವಳು ತನ್ನ ಮಗುವನ್ನು ಮಡಿಲಿಗೆಳೆದುಕೊಂಡು, ಚಾಪೆಯ ಮೇಲೆ ಜಾಗ ಮಾಡಿ, ಕೂತ್ಕಳಿ ಅಣ್ಣ ಎಂದಳು. ಕುಮಾರಿ ಅವನನ್ನು ನೋಡಿದವರೇ ಮುಖ ಸಪ್ಪಗೆ ಮಾಡಿಕೊಂಡು, ತಂದೆಯವರಿಗೆ ಏನಾಗಿತ್ತು ಎಂದು ವಿಚಾರಿಸಿದರು. ಅವನು ಮತ್ತೆ ಮೊದಲಿನಿಂದ ಹೇಳಿದ.

ದಡಾರದ ಮದ್ದಿನ ಬಾಟಲಿ ಒಂದು ಸಲ ಒಡೆದರೆ ಆ ಹೊತ್ತಿನಲ್ಲೇ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಅದಕ್ಕೆ ಕುಮಾರಿ ಸಾಕಷ್ಟು ಮಕ್ಕಳು ಸೇರುವ ತನಕ ಕಾದು ಒಡೆದರು. ಪ್ರತಿ ಮಗುವನ್ನು ಮುಟ್ಟುವ ಮೊದಲೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಒಂದೊಂದೇ ಮಗುವಿನ ಕೂಗು ಎದ್ದು ಅಡಗಿತು. ಆ ಗಲಾಟೆಯಲ್ಲೇ ದಾಕ್ಷಿ ಮಾವನ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅವನ ಹೆಗಲ ಮೇಲೆ ನಿದ್ದೆ ಹೋದಳು.

ಕುಮಾರಿ ಹೆಸರು ಕರೆದರು. ರಾಜಶೇಖರ್ ಏಳಲಿಲ್ಲ. ಇನ್ನೊಂದು ಮಗು ಆಗಲಿ ಎಂದ. ಇನ್ನೊಂದು ಆಯಿತು. ಮತ್ತೆ ಕರೆದರು. ಪುಟ್ಟಸಿದ್ದಮ್ಮನ ಮಗುವಿಗೆ ಹಾಕಿಬಿಡಿ, ಅವರಿಗೆ ಕೆಲಸಕ್ಕೆ ಹೊತ್ತಾಗುತ್ತದೆ ಎಂದ. ಅದೂ ಆಯಿತು. ಆಮೇಲೆ ಕರೆಯಲು ಬೇರೆ ಯಾರೂ ಉಳಿಯಲಿಲ್ಲ. ಬಾಟಲಿಯಲ್ಲಿ ಒಂದೇ ಒಂದು ಮಗುವಿನ ಪಾಲು ಇತ್ತು. ಅವನು ಎದ್ದು ನಿಂತ. ನಿಂತಲ್ಲೇ ನಿಂತ. ಬಾಗಿಲಾಚೆ ರೂಪಶ್ರೀ ಕಿವಿ ಮುಚ್ಚಿಕೊಂಡು, ಏನೂ ಕೇಳಿಸದೇ ಇದ್ದುದಕ್ಕೆ ಒಂದು ಕಿವಿ ಬಿಟ್ಟುಕೊಂಡು, ಮತ್ತೆ ಮುಚ್ಚಿಕೊಂಡಳು.

ಆಗ ಚಿಕ್ಕಮಲ್ಲಪ್ಪನವರು ಚಪ್ಪಲಿ ಬಿಟ್ಟು, ಕೊಡೆಯನ್ನು ಗೋಡೆಗೆ ಒರಗಿಸಿ ಒಳಗೆ ಬಂದರು.

"ತತ್ತಾ ಇಲ್ಲಿ" ಎಂದರು.

ರಾಜಶೇಖರ್ ಕೊಡಲಿಲ್ಲ. ನಾನೇ ಹಿಡ್ಕತೀನಿ ಮಾವ, ಅದಕ್ಕೇ ಬಂದಿರೋದು ಎಂದ.

"ನೀನ್ ವರ್ಸಕ್ಕೆ ನಾಕ್ ಸಲ ಬರೋನು" ಎಂದರು ಚಿಕ್ಕಮಲ್ಲಪ್ಪನವರು. ಮಂಡಿಯ ಗಂಟಲಲ್ಲ, ಮೊಮ್ಮಗಳ ಮುಂದಿನ ಗಂಟಲೂ ಅಲ್ಲ, ನಾನು ಅಲ್ಲಿಯತನಕ ಕೇಳದಿದ್ದ ಮೂರನೆಯದೊಂದು. "ಆ ನಾಕ್ ಸಲನೂ ಮಗು ಅತ್ಬುಟ್ರೆ ನಿಂಗೇನಪ್ಪ ಉಳಿತದೆ? ನಾನ್ ದಿನಾ ಕಣ್ಮುಂದೆ ಇರೋನು. ನನ್ ಮ್ಯಾಲೆ ಒಂದ್ ತಿಂಗ್ಳು ಮುನಿಸ್ಕಂಡ್ರೂ ರಾಜಿ ಮಾಡ್ಕಳಕೆ ಬೇಕಾದಷ್ಟ್ ದಿನ ಅವೆ. ಕೊಡು."

ಹಿರಿಯರು ಮಾಡಿಟ್ಟದ್ದರ ಇನ್ನೊಂದು ಮಗ್ಗುಲು, ಸಂಜೆಯ ಬಸ್ಸು ಹತ್ತಿ ಹೋಗುವವನ ಮಗ್ಗುಲು, ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

ಕುಳಿತುಕೊಳ್ಳಲು ಅಲ್ಲಿದ್ದದ್ದು ಮಕ್ಕಳ ಪುಟ್ಟ ಕುರ್ಚಿ. ಅದರ ಮೇಲೆ ಅಷ್ಟು ದೊಡ್ಡ ಮನುಷ್ಯ ಮೊಣಕಾಲು ಎದೆಗೆ ತಾಗುವಂತೆ ಕೂತು, ಕಾಲರಿನಿಂದ ಬಿಡಿಸಿಕೊಟ್ಟ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕುಮಾರಿ ತೋರಿಸಿದ ಹಾಗೆ ತೋಳು ಹಿಡಿದು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ದಾಕ್ಷಿ ನಿದ್ದೆಯಿಂದೆದ್ದು ಕಿರುಚಿದ ಕಿರುಚು ಮಂಡಿಯವರೆಗೂ ಕೇಳಿಸಿರಬೇಕು. ರೂಪಶ್ರೀ ಓಡಿ ಬಂದು ಬಾಚಿಕೊಂಡಳು. ಅವಳ ಹೆಗಲ ಮೇಲಿಂದ ಮಗು ತಾತನನ್ನು ನೋಡಿ ಇನ್ನಷ್ಟು ಅತ್ತಳು. ತಾತನ ತೊಡೆ ಖಾಲಿಯಾಗಿ ಬಹಳ ಹೊತ್ತಾದರೂ ಕಣ್ಣು ಮುಚ್ಚಿಯೇ ಇತ್ತು.

"ಮುಗೀತು ಯಜಮಾನ್ರೆ" ಎಂದರು ಕುಮಾರಿ. "ಇನ್ ಕಣ್ ಬುಡಿ. ನಿಮ್ಗೇನೂ ಚುಚ್ಚಕಿಲ್ಲ."

ಅವತ್ತು ಸಂಜೆ ಚಿಕ್ಕಮಲ್ಲಪ್ಪನವರು ಎಂದಿನ ಹೊತ್ತಿಗೆ ಮನೆಗೆ ಬರಲಿಲ್ಲ. ಅವರಿಗಿಂತ ಮುಂಚೆ ಮಂಡಿಯ ಹಮಾಲಿ ಪುಟ್ಟಮಾದು ಬಂದು, ಯಜಮಾನರು ಇವತ್ತು ಯಾರನ್ನೂ ಬೈದೇ ಇಲ್ಲ, ಮೈ ಸರಿಯಿಲ್ಲವಾ ಎಂದು ಕೇಳಿಕೊಂಡು ಹೋದ. ಕತ್ತಲಾಗುವ ಹೊತ್ತಿಗೆ ಅವರು ಬಂದರು. ಒಳಗೆ ಹೋಗದೆ ಜಗಲಿಯ ತುದಿಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತರು. ಒಳಗೆ ರಾಜಶೇಖರ್ ನೆಲದ ಮೇಲೆ ಅಂಗಾತ ಮಲಗಿದ್ದ. ದಾಕ್ಷಿ ಅವನ ಹೊಟ್ಟೆಯ ಮೇಲೆ ಕೂತು ಅವನ ಮೂಗು ತಿರುಚುತ್ತಿದ್ದಳು. ತೋಳಿನ ಹತ್ತಿರ ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ಇವತ್ತು ಅವಳನ್ನು ಹೊರಗೆ ತರಬೇಡಿ, ನನ್ನನ್ನು ನೋಡಿ ಹೆದರುತ್ತಾಳೆ ಎಂದು ತಾತ ಮೊದಲೇ ಹೇಳಿಕಳಿಸಿದ್ದರು.

ನಾನು ಮಗು ಹೇಗಿದೆ ಎಂದು ನೋಡಲು ಹೋಗಿದ್ದೆ. ತಿಂಗಳು ಬೇಕಾಗಬಹುದು ಅಲ್ಲವೇ ಟೀಚರಮ್ಮ ಎಂದು ಅವರು ಕೇಳಿದರು. ಮಕ್ಕಳು ಮರೆಯುತ್ತಾರೆ ಎಂದೆ. ನಂಬಲಿಲ್ಲ. ರಾಜಶೇಖರನ ಉದಾಹರಣೆ ಇದೆಯಲ್ಲ ಎಂದರು. ಹಾಗೆ ಹೇಳುತ್ತ ಒಂದು ಸಲ ಕೆಮ್ಮಿದರು.

ಒಳಗೆ ಗಿಲಗಿಲ ನಿಂತಿತು. ಸ್ವಲ್ಪ ಹೊತ್ತಿಗೆ ಹೊಸಿಲಿನಾಚೆಯಿಂದ ಎರಡು ಅಂಗೈ, ಆಮೇಲೆ ಒಂದು ತಲೆ, ಆಮೇಲೆ ಪೂರ್ತಿ ದಾಕ್ಷಿ ತೆವಳಿಕೊಂಡು ಬಂದಳು. ಜಗಲಿಯುದ್ದಕ್ಕೂ ಸಾಗಿ, ತಾತನ ಪಂಚೆ ಹಿಡಿದು ಎದ್ದು ನಿಂತು, ತನ್ನ ಮುಖವನ್ನು ಅವರ ಬೆನ್ನಿಗೆ ಒತ್ತಿ, ಹಸಿ ಜೊಲ್ಲನ್ನೆಲ್ಲ ಅವರ ಬಿಳಿ ಅಂಗಿಗೆ ಒರೆಸಿದಳು. ಚಿಕ್ಕಮಲ್ಲಪ್ಪನವರು ತಿರುಗಲು ಧೈರ್ಯವಿಲ್ಲದೆ ನನ್ನ ಮುಖ ನೋಡಿದರು. ಹೂಂ ಎಂದು ತಲೆಯಾಡಿಸಿದೆ. ಆಗ ತಿರುಗಿದರು. ಅವಳು ಅವರ ಕನ್ನಡಕ ಕಿತ್ತು ನೆಲಕ್ಕೆಸೆದಳು. ಅವರು ಗುಬ್ಬಚ್ಚಿ ದನಿಯಲ್ಲಿ ಏನೇನೋ ಹೇಳತೊಡಗಿದರು.

ಮಗುವಿನ ಹಿಂದೆಯೇ ಬಂದ ರಾಜಶೇಖರ್ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ಅವನ ಕೈ ನಿಧಾನವಾಗಿ ಮೇಲ್ದುಟಿಯ ಹತ್ತಿರ ಹೋಯಿತು.

"ಹಂಗಾರೆ ನನ್ ಮೀಸೆ?" ಎಂದ.

ಶಿವರುದ್ರಮ್ಮನವರು ಒಳಗಿನಿಂದ ಬಂದು, ಅವನ ಹೆಗಲು ತಟ್ಟಿ, ತಟ್ಟೆಯ ಮುಂದೆ ಕೂರಿಸಿ, ರೊಟ್ಟಿಯ ಮೇಲೆ ಎಂದಿಗಿಂತ ದೊಡ್ಡ ಬೆಣ್ಣೆಯುಂಡೆ ಇಟ್ಟರು.

"ಬೆಳೀತದೆ ಬುಡಪ್ಪ" ಎಂದರು. "ತಿನ್ನು, ಆರೋಯ್ತದೆ."